ಬಣ್ಣ ಆಮೇಲೆ, ಮೊದಲು ಸೂರು

ಸಂಪಾದಕರಿಗೆ,

ಹೋದ ವಾರ ನಮ್ಮ ಬಡಾವಣೆಯ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆಗೆ ಬಂದಿದ್ದರು. ಸ್ಟೇಷನ್ ಮುಂದೆ ಕಟ್ಟೆಯ ಮೇಲೆ ನಿಂತಿರುವ ಹಳೇ ಉಗಿ ಎಂಜಿನ್‌ಗೆ ಬಣ್ಣ ಹೊಡೆಸಬೇಕಂತೆ. ಐನೂರು ರೂಪಾಯಿ ಬರೆಸಿದೆ. ಆದರೆ ಬಣ್ಣಕ್ಕಲ್ಲ, ಶೆಡ್ಡಿಗೆ ಅಂದೆ. ಅವರು ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಉಗಿ ಎಂಜಿನ್ ಕಾಲದಲ್ಲಿ ಕೆಲಸಕ್ಕೆ ಸೇರಿದ ಫಿಟ್ಟರ್. ಮಗಳು ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದ್ದಾಳೆ. ಕಳೆದ ವರ್ಷ ಅಲ್ಲಿಗೆ ಹೋದಾಗ ಅಳಿಯಂದಿರು ಬ್ಲೂಬೆಲ್ ರೈಲ್ವೆಗೆ ಕರೆದುಕೊಂಡು ಹೋದರು. 1958ರಲ್ಲಿ ಮುಚ್ಚಿದ್ದ ಲೈನು. ರೈಲಿನ ಹುಚ್ಚು ಹಿಡಿದವರು ಸೇರಿ 1960ರಲ್ಲಿ ಮತ್ತೆ ಓಡಿಸಿದರು. ಈಗ ಶೆಫೀಲ್ಡ್ ಪಾರ್ಕ್‌ನಿಂದ ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ 11 ಮೈಲಿ ಓಡುತ್ತದೆ. ದುಡಿಯುವವರಲ್ಲಿ ಹೆಚ್ಚಿನವರಿಗೆ ಸಂಬಳವೇ ಇಲ್ಲ. 1872ರ ಫೆನ್‌ಚರ್ಚ್, 1875ರ ಸ್ಟೆಪ್ನಿ ಎಂಬ ಪುಟ್ಟ ಎಂಜಿನ್‌ಗಳು ಅಲ್ಲಿವೆ. (ಕಾರಿನ ಸ್ಟೆಪ್ನಿಯಲ್ಲ, ಲಂಡನ್ನಿನ ಒಂದು ಪೇಟೆಯ ಹೆಸರು.) ಬಂದವರೆಲ್ಲ ಎಂಜಿನ್ ಫೋಟೊ ತೆಗೆಯುತ್ತಿದ್ದರೆ ನಾನು ಶೆಡ್ ನೋಡುತ್ತಾ ನಿಂತೆ.

ಅಲ್ಲಿ ನನ್ನ ವಯಸ್ಸಿನವರೊಬ್ಬರು ಟೀ ಕೊಟ್ಟರು. ಅವರ ಇಂಗ್ಲಿಷ್ ಅರ್ಧ ಅರ್ಥವಾಯಿತು, ಕೈಸನ್ನೆ ಪೂರ್ತಿ. ರಿಪೇರಿಗೆ ಬಿಚ್ಚಿಟ್ಟಿದ್ದ ಒಂದು ಸ್ಮೋಕ್ ಬಾಕ್ಸ್ (ಎಂಜಿನ್ನಿನ ಮುಂಭಾಗದಲ್ಲಿ, ಚಿಮಣಿಯ ಅಡಿ ಇರುವ ಹೊಗೆ ಡಬ್ಬಿ) ತೋರಿಸಿದರು. ತಳದಲ್ಲಿ ನನ್ನ ಹೆಬ್ಬೆರಳು ತೂರುವಷ್ಟು ತೂತು! ಎಂಜಿನ್ನಿನ ಚಿಮಣಿ ಅಂದರೆ ಆಕಾಶಕ್ಕೆ ತೆರೆದ ಬಾಯಿ. ಮಳೆ ನೇರ ಸ್ಮೋಕ್ ಬಾಕ್ಸಿಗೆ ಬೀಳುತ್ತದೆ. ಕೊನೇ ದಿನದ ಬೂದಿ ಅಲ್ಲೇ ಉಳಿದಿದ್ದರೆ ಕಥೆ ಮುಗಿಯಿತು. ಕಲ್ಲಿದ್ದಲಿನ ಗಂಧಕ ನೀರಿಗೆ ಸೇರಿ ಆಸಿಡ್ ಆಗಿ ತಗಡನ್ನು ತಿನ್ನುತ್ತದೆ. ಬಾಯ್ಲರಿನದು ಇನ್ನೊಂದು ಕಥೆ. ಹೊರಗಿನ ತಗಡಿನ ಹೊದಿಕೆಗೆ ಫಳಫಳ ಬಣ್ಣ, ಒಳಗಿನ ಶಾಖ ತಡೆಯುವ ಮೆತ್ತೆ ನೀರು ಕುಡಿದು ಸ್ಪಂಜು, ಅದರಡಿಯ ಬಾಯ್ಲರಿನ ಉಕ್ಕು ಹಪ್ಪಳ. ಗಾಲಿಯ ಅಚ್ಚು ಕೂರುವ ಆಕ್ಸಲ್ ಬಾಕ್ಸಿಗೆ ಇಳಿದ ನೀರು ಎಣ್ಣೆಯ ಕೆಳಗೆ ಸೇರಿ ಅಲ್ಲೇ ಕೂರುತ್ತದೆ. ಇದಕ್ಕೆಲ್ಲ ಬಣ್ಣ ಏನು ಮಾಡೀತು?

ಅವರೂ ಈ ಪಾಠ ತಡವಾಗಿಯೇ ಕಲಿತವರು. ವೇಲ್ಸ್‌ನ ಬ್ಯಾರಿ ಎಂಬ ಕಡಲೂರಿನ ಗುಜರಿ ಅಂಗಳದಿಂದ 1968ರಿಂದ 1990ರ ನಡುವೆ ಬ್ರಿಟನ್ನಿನ ಇಂಥ ಸಂಘಗಳು, ಆಸಕ್ತರು 213 ಎಂಜಿನ್ ಉಳಿಸಿಕೊಂಡರು. ತಂದಿದ್ದೇನೋ ಸರಿ, ನಿಲ್ಲಿಸೋದೆಲ್ಲಿ? ಎಷ್ಟೋ ಎಂಜಿನ್‌ಗಳು ಉಪ್ಪುಗಾಳಿಯಿಂದ ಬಂದು ಮತ್ತೆ ಮಳೆಯಲ್ಲೇ ನಿಂತವು. ಬ್ಲೂಬೆಲ್‌ನವರು ಸೂರು ಕಟ್ಟುವ ಕೆಲಸಕ್ಕೆ 'ಆಪರೇಷನ್ ಅಂಡರ್‌ಕವರ್' ಎಂದೇ ಹೆಸರಿಟ್ಟರು. 'ಸೂರಿನಡಿ', 'ಗುಟ್ಟಾಗಿ' ಎರಡೂ ಅದರ ಅರ್ಥ. ಪತ್ತೇದಾರಿ ಸಿನಿಮಾ ಹೆಸರಿನಂತಿದೆ, ಅಲ್ವಾ? ಲಾಟರಿ ನಿಧಿಯ ನೆರವು, ಸದಸ್ಯರ ಚಂದಾ ಸೇರಿಸಿ ಅದೇ ಲೈನಿನ ಹಾರ್ಸ್ಟೆಡ್ ಕೇನ್ಸ್‌ನಲ್ಲಿ ಬೋಗಿಗಳಿಗೆ, ಶೆಫೀಲ್ಡ್ ಪಾರ್ಕ್‌ನಲ್ಲಿ ಎಂಜಿನ್‌ಗಳಿಗೆ ಸೂರು ಮಾಡಿದ್ದಾರೆ.

ಹಾಗಂತ ಸುಮ್ನೆ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿದರೆ ಆಗದು. ರಾತ್ರಿ ತಣ್ಣಗಾದ ಶೀಟಿನ ಅಡಿ ಹನಿಗಟ್ಟಿ ಬೆಳಗ್ಗೆ ತೊಟ್ಟಿಕ್ಕುತ್ತದೆ. ಮಳೆಯಿಲ್ಲದೆಯೂ ಎಂಜಿನ್ ನೆನೆಯುತ್ತದೆ. ಗಾಳಿ ಆಡಬೇಕು, ನೆಲದ ತೇವ ಮೇಲೇಳದ ಹಾಗೆ ಕಾಂಕ್ರೀಟ್ ಇರಬೇಕು, ನೀರು ದೂರ ಹೋಗಲು ಚರಂಡಿ ಬೇಕು. ನಮ್ಮ ಊರಿಗೆ ಗೋಡೆಯ ಖರ್ಚು ಬೇಡ. ಎರಚಲು ತಾಕದಷ್ಟು ಸೂರು ಮುಂದಕ್ಕೆ ಚಾಚಿದರೆ ಸಾಕು.

ಹುಡುಗರೇ, ಶೆಡ್ಡಿಗೆ ದುಡ್ಡು ಕೂಡುವವರೆಗೆ ಚಿಮಣಿಗೆ ಒಂದು ತಗಡಿನ ಬಾಂಡ್ಲಿ ಮಗುಚಿ ಹಾಕಿ ಬಿಗಿಯಾಗಿ ಕಟ್ಟಿ. ಸ್ಮೋಕ್ ಬಾಕ್ಸಿನ ಬಾಗಿಲು ತೆರೆದು ಬೂದಿ ಕೆರೆದು ಹಾಕಬೇಕು. ಬಾಗಿಲು ಖಂಡಿತ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ರೈಲ್ವೆಯವರ ಅನುಮತಿ ನೀವು ಮಾಡಿಸಿ, ಸ್ಪ್ಯಾನರ್, ಸೀಮೆಎಣ್ಣೆ ನಾನು ತರುತ್ತೇನೆ. ಭಾನುವಾರ ಆದರೆ ಒಳ್ಳೆಯದು.

ಒಬ್ಬ ನಿವೃತ್ತ ಫಿಟ್ಟರ್, ಮೈಸೂರು