ಆಪರೇಟರ್ ತರಬೇತಿ ಓಡುವ ಯಂತ್ರದ ಪಕ್ಕದಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕೋ ಬೇಡವೋ ಎಂಬ ವಾದ ಶಿವಮೊಗ್ಗ ಜಿಲ್ಲೆಯಲ್ಲಿ ಜೋರಾಗಿದೆ. ಕಾಡಿನ ಪ್ರಶ್ನೆ ದೊಡ್ಡದು. ಅದನ್ನು ಈ ಪತ್ರದಲ್ಲಿ ಎತ್ತುತ್ತಿಲ್ಲ. ಆದರೆ ‘ಸ್ಥಳೀಯರಿಗೆ ಉದ್ಯೋಗ’ ಎನ್ನುವವರು ಯಾವ ಉದ್ಯೋಗ ಎಂದು ಬಿಡಿಸಿ ಹೇಳಬೇಕು. ಕಾಂಕ್ರೀಟ್ ಹೊರುವ ಕೆಲಸ ಕಟ್ಟಡ ಎದ್ದ ಕೂಡಲೇ ಮುಗಿಯುತ್ತದೆ. ದಶಕಗಟ್ಟಲೆ ಉಳಿಯುವುದು ಶಿಫ್ಟ್ ಆಪರೇಟರ್ ಕೆಲಸ. ಅದಕ್ಕೆ ಹುಡುಗರನ್ನು ಈಗಲೇ ತಯಾರು ಮಾಡದಿದ್ದರೆ ಆ ಕುರ್ಚಿಯಲ್ಲಿ ಹೊರಗಿನವರೇ ಕೂರುತ್ತಾರೆ, ಅವರನ್ನು ದೂರಿ ಪ್ರಯೋಜನವಿಲ್ಲ.

ಐಟಿಐಗಳಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿತವರು ಬೇಕಾದಷ್ಟಿದ್ದಾರೆ. ಅವರು ಕಲಿಯುವುದು ಹೆಚ್ಚಾಗಿ ನಿಂತ ಯಂತ್ರವನ್ನು ಬಿಚ್ಚಿ ಜೋಡಿಸುವುದನ್ನು. ಓಡುವ ಯಂತ್ರವನ್ನು ನೋಡಿಕೊಳ್ಳುವ ವಿದ್ಯೆಯೇ ಬೇರೆ. ಲಾಗ್ ಶೀಟ್ ಉದಾಹರಣೆಯನ್ನೇ ತೆಗೆದುಕೊಳ್ಳಿ. ಟರ್ಬೈನ್ ಬೇರಿಂಗ್ ಉಷ್ಣತೆ ಗಂಟೆಗೊಮ್ಮೆ 58, 60, 63 ಡಿಗ್ರಿ ಎಂದು ಬರೆದಿದೆ, ಅಲಾರಂ ಇರುವುದು 75ಕ್ಕೆ ಎಂದುಕೊಳ್ಳಿ. ತರಬೇತಿಯಿಲ್ಲದವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗೊತ್ತಿದ್ದವನು ಮಾತ್ರ ಏರುತ್ತಿರುವ ಅಂಕಿ ನೋಡಿ ಬೇರಿಂಗ್ ತಣಿಸುವ ನೀರನ್ನು ಸೋಸುವ ಸ್ಟ್ರೈನರ್ ಬಳಿ ಹೋಗುತ್ತಾನೆ. ಮಲೆನಾಡಿನ ಮಳೆಗಾಲದಲ್ಲಿ ಎಲೆ, ಕಡ್ಡಿ, ಕೆಸರು ಕಟ್ಟಿಕೊಂಡು ನೀರಿನ ಹರಿವು ಕುಗ್ಗುವುದು ಅಲ್ಲಿಯೇ. ಜೋಡಿ ಸ್ಟ್ರೈನರ್ ಇದ್ದರೆ ಮೊದಲು ಇನ್ನೊಂದು ಬದಿಗೆ ನೀರು ತುಂಬಿಸಿ, ಮೇಲಿನ ವೆಂಟ್ ತೆರೆದು ಒಳಗಿನ ಗಾಳಿ ಹೊರಬಿಟ್ಟು, ಆಮೇಲೆ ಹಿಡಿ ತಿರುಗಿಸಬೇಕು. ಗಾಳಿ ಬಿಡದೆ ತಿರುಗಿಸಿದರೆ ಏರ್ ಲಾಕ್ ಆಗಿ ಇದ್ದ ನೀರೂ ಕಡಿತವಾದೀತು.

ಪಂಪ್ಡ್ ಸ್ಟೋರೇಜ್‌ನಲ್ಲಂತೂ ಹೊಸದಾಗಿ ಕಲಿಯಬೇಕಾದ್ದು ಬಹಳ. 1035 ಮೆಗಾವಾಟ್‌ನ ಹಳೆಯ ಶರಾವತಿ ವಿದ್ಯುದಾಗಾರದಲ್ಲಿರುವುದು ಪೆಲ್ಟನ್ ಚಕ್ರಗಳು. ಅವು ಒಂದೇ ದಿಕ್ಕಿಗೆ ತಿರುಗಿ ವಿದ್ಯುತ್ ಕೊಡುತ್ತವೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವಿನ 2000 ಮೆಗಾವಾಟ್ ಯೋಜನೆಯ ಯಂತ್ರಗಳು ಎರಡೂ ದಿಕ್ಕಿಗೆ ತಿರುಗುವಂಥವು. ಇಂಥ ಯಂತ್ರವನ್ನು ಪಂಪಾಗಿ ಶುರು ಮಾಡುವಾಗ ನೀರಿನ ದಾರಿ ತೆರೆದು ಮುಚ್ಚುವ ಗೈಡ್ ವೇನ್ ಮುಚ್ಚಿ, ಒತ್ತಿದ ಗಾಳಿ ನುಗ್ಗಿಸಿ, ತಿರುಗುವ ಚಕ್ರವಾದ ರನ್ನರ್‌ನ ಕೆಳಕ್ಕೆ ನೀರನ್ನು ತಳ್ಳುತ್ತಾರೆ. ನೀರಿನಲ್ಲಿ ಮುಳುಗಿದ ರನ್ನರ್ ತಿರುಗಿಸಲು ತುಂಬಾ ಶಕ್ತಿ ಬೇಕು, ಗಾಳಿಯಲ್ಲಾದರೆ ಅದರ ಒಂದಂಶ ಸಾಕು. ವೇಗ ಬಂದು ಗ್ರಿಡ್‌ಗೆ ಸಿಂಕ್ರೊನೈಸ್ ಆದ (ಅದರ ತಾಳಕ್ಕೆ ಹೊಂದಿ ಸೇರಿಕೊಂಡ) ಮೇಲೆ ಗಾಳಿ ಹೊರಬಿಟ್ಟು, ನೀರು ಏರಿ ಒತ್ತಡ ಕಟ್ಟಿದ್ದನ್ನು ನೋಡಿಕೊಂಡು ವೇನ್ ತೆರೆಯಬೇಕು. ಇದೆಲ್ಲ ಕಂಪ್ಯೂಟರ್ ತಾನೇ ಮಾಡುತ್ತದೆ ನಿಜ. ಆದರೆ ನಡುವೆ, ಭಾಗ ತನ್ನ ಜಾಗಕ್ಕೆ ಬಂತೆಂದು ತಿಳಿಸುವ ಒಂದು ಲಿಮಿಟ್ ಸ್ವಿಚ್ ಕೈಕೊಟ್ಟು ಕ್ರಮ ನಿಂತಾಗ, ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿಯದವನು ಮತ್ತೆ ಸ್ಟಾರ್ಟ್ ಒತ್ತುತ್ತಲೇ ಇರುತ್ತಾನೆ.

ದೊಡ್ಡ ಯೋಜನೆ ಬರುವವರೆಗೆ ಕಾಯಬೇಕಿಲ್ಲ. ಕುಸುಬಲಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್‌ಗಳು ಇಂದೇ ಇವೆ. ಅಲ್ಲಿ ಜೀವ ಉಳಿಸುವುದು ಒಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್. ಅದರ ಕೆಳಗಿನ ನೀರಿನ ದಾರಿಯಲ್ಲಿ ಕೆಸರು ಕಟ್ಟಿದರೆ, ಮೇಲಿಂದ ಬಂದ ಆವಿ ತಣಿದು ಗ್ಲಾಸಿನಲ್ಲಿ ನೀರಾಗಿ ನಿಲ್ಲುತ್ತದೆ. ಒಳಗೆ ಬಾಯ್ಲರ್ ಬತ್ತುತ್ತಿದ್ದರೂ ಗ್ಲಾಸ್ ತುಂಬಿದಂತೆ ತೋರುತ್ತದೆ! ಆದ್ದರಿಂದ ಪ್ರತಿ ಶಿಫ್ಟ್‌ನಲ್ಲೂ ಪರೀಕ್ಷೆ ಮಾಡಲೇಬೇಕು. ನೀರಿನ ಕಾಕ್ (ನಲ್ಲಿ) ಮುಚ್ಚಿ ಡ್ರೈನ್ ತೆರೆದರೆ ಆವಿ ರಭಸದಿಂದ ಬರಬೇಕು. ನೀರಿನ ಕಾಕ್ ತೆರೆದು ಆವಿಯದನ್ನು ಮುಚ್ಚಿದರೆ ನೀರು ಚಿಮ್ಮಬೇಕು. ಕೊನೆಗೆ ಆವಿ ಕಾಕ್ ತೆರೆದು ಡ್ರೈನ್ ಮುಚ್ಚಿದಾಗ ನೀರು ಥಟ್ಟನೆ ಮೊದಲಿನ ಮಟ್ಟಕ್ಕೆ ಏರಬೇಕು. ನಿಧಾನವಾಗಿ ಏರಿದರೆ ದಾರಿ ಕಟ್ಟುತ್ತಿದೆ ಎಂದೇ ಅರ್ಥ. ಗ್ಲಾಸಿನಲ್ಲಿ ನೀರೇ ಕಾಣದಿದ್ದರೆ ಗಾಬರಿಯಿಂದ ಫೀಡ್ ಪಂಪ್ ಹಾಕಬಾರದು. ಕಾದು ಕೆಂಪಾದ ತಗಡಿಗೆ ತಣ್ಣೀರು ಬಿದ್ದರೆ ಆವಿ ಒಮ್ಮೆಲೇ ಉಕ್ಕಿ ಬಾಯ್ಲರ್ ಸಿಡಿದೀತು. ಹೊಟ್ಟು ಹಾಕುವುದನ್ನೂ ಫ್ಯಾನನ್ನೂ ನಿಲ್ಲಿಸಿ, ಜನರನ್ನು ದೂರ ಕಳಿಸಿ, ತಾನಾಗಿ ತಣಿಯಲು ಬಿಡಬೇಕು. 1923ರ ಕಾಯ್ದೆಯ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಗೋಡೆಗೆ ಒಬ್ಬರ ಸರ್ಟಿಫಿಕೇಟ್ ತೂಗುಹಾಕಿ ಇನ್ನೊಬ್ಬರ ಕೈಗೆ ಸಲಿಕೆ ಕೊಡುವ ಚಾಳಿ ಮಾತ್ರ ಕಾಯ್ದೆ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ.

ಅದಿರು ಸಂಸ್ಕರಣೆಗೆ ಹೋಗುವವರಿಗೆ, ಅದಿರಿನ ಪುಡಿ ಬೆರೆತ ನೀರು ಸಾಗಿಸುವ ಸ್ಲರಿ ಪಂಪ್ ಗೊತ್ತಿರಬೇಕು. ಪಂಪಿನ ದಂಡದ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಸೀಲ್‌ಗೆ ನೀರು ಮೊದಲು, ಪಂಪ್ ಆಮೇಲೆ. ನಿಲ್ಲಿಸುವ ಮುನ್ನ ಬರೀ ನೀರು ಹಾಯಿಸಿ ಪೈಪ್ ತೊಳೆಯಬೇಕು. ಇಲ್ಲವಾದರೆ ಅದಿರಿನ ಪುಡಿ ತಳಕ್ಕೆ ಕೂತು, ಮಾರನೆಯ ದಿನ ಪೈಪ್ ಬಿಚ್ಚುವ ಕೆಲಸ.

ಸರ್ಕಾರದಿಂದ ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮುಚ್ಚಿಹೋದ ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ), ಜೋಗದ ವಿದ್ಯುದಾಗಾರಗಳಲ್ಲಿ ಕೈ ಪಳಗಿಸಿಕೊಂಡವರು ಇನ್ನೂ ಊರಲ್ಲಿದ್ದಾರೆ. ಅವರನ್ನು ಗೌರವಧನ ಕೊಟ್ಟು ಕರೆಯಿರಿ. ಭದ್ರಾವತಿ ಅಥವಾ ಸಾಗರದ ಐಟಿಐನಲ್ಲಿ ಎರಡು ಟ್ಯಾಂಕ್, 5 ಎಚ್‌ಪಿಯ ಎರಡು ಪಂಪ್, ಒಂದು ಕಂಟ್ರೋಲ್ ವಾಲ್ವ್, ಒಂದು ಪ್ಯಾನಲ್ ಜೋಡಿಸಿ ನೀರು ಸುತ್ತುವ ಸಣ್ಣ ಸ್ಥಾವರ ಮಾಡಿ. ಶಿಕ್ಷಕರು ಗುಟ್ಟಾಗಿ ಒಂದು ವಾಲ್ವ್ ಮುಚ್ಚಿಡಲಿ, ಹುಡುಗರು ಮೀಟರ್ ನೋಡಿಯೇ ಅದನ್ನು ಪತ್ತೆ ಹಚ್ಚಲಿ. ಅಂಕದಲ್ಲಿ ಅರ್ಧದಷ್ಟಾದರೂ ಇದಕ್ಕಿರಲಿ. ವಿದ್ಯುತ್ ಕಡಿದಿದೆ ಎಂಬ ಖಾತರಿಯಾದ ಲೈನ್ ಕ್ಲಿಯರ್ ಬರಹದಲ್ಲಿ ಪಡೆಯದೆ, ಉಳಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ರಾಡ್ ಹಾಕದೆ ಪ್ಯಾನಲ್ ಮುಟ್ಟಿದವರನ್ನು ಅಲ್ಲೇ ಫೇಲ್ ಮಾಡಿ.

– ಕೆಲವು ನಿವೃತ್ತ ಸ್ಥಾವರ ಆಪರೇಟರ್‌ಗಳು, ಭದ್ರಾವತಿ