ಹಳೆಯ ಪ್ರೋಗ್ರಾಂಗಳು ಕ್ರ್ಯಾಶ್ ಆಗುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ

ಆತ್ಮೀಯರೇ,

ಹೋಸ್ಟ್‌ಗಳ (ನಿಮ್ಮ ಪ್ರೋಗ್ರಾಂಗಳು ಓಡುವ ನಮ್ಮ ಯಂತ್ರಗಳ) ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬದಲಿಸಿದಂದಿನಿಂದ ನಿಮ್ಮಲ್ಲಿ ಕೆಲವರ ಹಳೆಯ ಪ್ರೋಗ್ರಾಂಗಳು ಶುರುವಾಗುತ್ತಲೇ 139 ಎಂಬ ಕೋಡ್ (ಮುಟ್ಟಬಾರದ ಮೆಮೊರಿ ಮುಟ್ಟಿದ್ದಕ್ಕೆ ನಿಂತಿತೆಂಬ ಸೂಚನೆ) ಕೊಟ್ಟು ನಿಲ್ಲುತ್ತಿವೆ. ಮೊದಲ ಎರಡು ದಿನ ಮೆಮೊರಿ ಸಾಲದೆಂದುಕೊಂಡು ಅದನ್ನೇ ಹೆಚ್ಚಿಸುತ್ತಾ ಕೂತೆವು. ಕೆಲವರಿಗೆ ಹೊಸದಾಗಿ ಇನ್‌ಸ್ಟಾಲ್ ಮಾಡಿ ನೋಡಿ ಎಂದೂ ಹೇಳಿದೆವು. ಆ ಸಲಹೆ ತಪ್ಪು, ಕ್ಷಮೆಯಿರಲಿ.

"ಹತ್ತು ವರ್ಷ ತೊಂದರೆ ಕೊಡದ ಪ್ರೋಗ್ರಾಂ ನೀವು ಕೈಯಿಟ್ಟ ಮೇಲೆ ಕೆಟ್ಟಿತು." ಈ ಮಾತನ್ನು ಎಷ್ಟು ಸಲ ಕೇಳಿದೆವೋ ಲೆಕ್ಕವಿಲ್ಲ. ಕೈಯಿಟ್ಟದ್ದು ನಿಜ, ಆದರೆ ನಿಮ್ಮ ಫೈಲ್‌ಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ನಿಮ್ಮದು ಕಂಟೇನರ್ (ನಮ್ಮ ಯಂತ್ರದೊಳಗೆ ಬೇರ್ಪಡಿಸಿದ ಒಂದು ಕೋಣೆಯಂತೆ), ಒಳಗೆ ಸೆಂಟ್‌ಓಎಸ್ 6 ಎಂಬ ಹಳೆಯ ಲಿನಕ್ಸ್ ಇದ್ದರೂ ಕರ್ನಲ್ ನಮ್ಮ ಹೋಸ್ಟ್‌ನದೇ. ಆ ಕಾಲದ ಜಿಲಿಬ್‌ಸಿ, ಅಂದರೆ ಪ್ರೋಗ್ರಾಂಗಳು ಕರ್ನಲ್ ಜೊತೆ ಮಾತಾಡಲು ಬಳಸುವ ಲೈಬ್ರರಿ (ಸೆಂಟ್‌ಓಎಸ್ 6ರಲ್ಲಿರುವುದು 2.12), ಗಂಟೆ ಎಷ್ಟಾಯಿತೆಂದು ತಿಳಿಯಲು ಮೆಮೊರಿಯ ಒಂದು ನಿಗದಿತ ವಿಳಾಸಕ್ಕೆ ನೇರ ಹೋಗುತ್ತದೆ. ಅದೇ ವಿ-ಸಿಸ್‌ಕಾಲ್ ಪುಟ. ಎಲ್ಲ ಯಂತ್ರಗಳಲ್ಲೂ ಆ ವಿಳಾಸ ಒಂದೇ ಆದ್ದರಿಂದ ದಾಳಿಕೋರರಿಗೂ ಅದು ಅನುಕೂಲ. ಹಾಗಾಗಿ ನಮ್ಮ ಹೋಸ್ಟ್‌ಗಳಲ್ಲಿರುವ ಲಿನಕ್ಸ್ ಆದ ಡೆಬಿಯನ್ ತನ್ನ ಕರ್ನಲ್ 4.8ರಿಂದ ಅದನ್ನು ಮುಚ್ಚಿದೆ. ನಿಮ್ಮ ಪ್ರೋಗ್ರಾಂ ಹಳೇ ಬಾಗಿಲಿಗೇ ಹೋಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಿದೆ, ಅಷ್ಟೇ.

139 ಒಂದರಿಂದಲೇ ಇದು ಗೊತ್ತಾಗದು. ಹೋಸ್ಟ್‌ನ ಲಾಗ್‌ನಲ್ಲಿ ಕ್ರ್ಯಾಶ್ ಆದ ವಿಳಾಸದ ಕೊನೆಗೆ 600400 ಎಂದಿದ್ದರೆ ಇದೇ ಕಾಯಿಲೆ. ಆ ಲಾಗ್ ನಿಮ್ಮ ಕಡೆ ಕಾಣುವುದಿಲ್ಲ, ನಾವೇ ಮೊದಲ ದಿನ ನೋಡಬೇಕಿತ್ತು. (132 ಬಂದರೆ ಅದು ಬೇರೆ, ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ. ಅದನ್ನೂ ಬರೆದು ತಿಳಿಸಿ.)

ಈಗ ಮಾಡುತ್ತಿರುವುದಿಷ್ಟು: ವಿ-ಸಿಸ್‌ಕಾಲನ್ನು ಎಮ್ಯುಲೇಟ್ ಮಾಡುವ (ಹಳೇ ವಿಳಾಸಕ್ಕೆ ಬಂದ ಕರೆಗೆ ಕರ್ನಲ್ಲೇ ಉತ್ತರ ಕೊಡುವ) ಆಯ್ಕೆಯೊಂದಿಗೆ ಬೂಟ್ ಆದ ಬೇರೆಯೇ ಹೋಸ್ಟ್‌ಗೆ ಇಂಥ ಕಂಟೇನರ್‌ಗಳನ್ನು ಸಾಗಿಸುತ್ತೇವೆ. ಎಮ್ಯುಲೇಟ್ ಹಿಂದಿನಷ್ಟು ಅಪಾಯದ್ದಲ್ಲ. ಆದರೂ ಬೇಡದವರ ಮನೆಗೂ ಆ ಬಾಗಿಲು ಇಡಲು ನಮಗೆ ಮನಸ್ಸಿಲ್ಲ.

ಹಣ ಉಳಿಸಲು ಹೀಗೆ ಮಾಡಿದಿರಿ ಎಂದವರಿಗೆ ಒಂದು ಮಾತು. ಅರ್ಧ ಖಾಲಿಯಿರುವ ಒಂದು ಇಡೀ ಯಂತ್ರವನ್ನು ನಾವೀಗ ಓಡಿಸಬೇಕು, ಪ್ರತಿ ಭದ್ರತಾ ಪ್ಯಾಚನ್ನೂ ಎರಡೆರಡು ಸಲ ಪರೀಕ್ಷಿಸಬೇಕು. ಹಳೇ ಕರ್ನಲನ್ನೇ ಇಟ್ಟುಕೊಂಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ, ನಿದ್ದೆಯೂ ಇರುತ್ತಿತ್ತು. ಈ ಖರ್ಚು ನಿಮ್ಮ ಬಿಲ್‌ಗೆ ಬರುವುದಿಲ್ಲ. ಆದರೆ ಸೆಂಟ್‌ಓಎಸ್ 6ಕ್ಕೆ ಉಚಿತ ಅಪ್‌ಡೇಟ್‌ಗಳು 2020ರ ನವೆಂಬರ್‌ನಲ್ಲೇ ನಿಂತಿವೆ. ಪ್ರೋಗ್ರಾಂ ಬರೆದವರು ಸಿಗುವಂತಿದ್ದರೆ ಈಗಲೇ ಮಾತಾಡಿಸಿ.

ಸಾಗಿಸುವಾಗ ನಿಮ್ಮ ಕಂಟೇನರ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಿಮಗೆ ಅನುಕೂಲವಾದ ವೇಳೆ ತಿಳಿಸಿ. ಪ್ರೋಗ್ರಾಂ ಎದ್ದು ಓಡುವವರೆಗೆ ನಮ್ಮಲ್ಲೊಬ್ಬರು ಫೋನ್ ಇಡುವುದಿಲ್ಲ.

ಇಂತಿ,
ನಿಮ್ಮ ಹೋಸ್ಟಿಂಗ್ ತಂಡ