ಖಾಲಿ ಹಾಳೆ ತಂದವರನ್ನು ಸೋಮಾರಿ ಅನ್ನಬೇಡ

ಪ್ರೀತಿಯ ಮಂಜು,

ನಿನ್ನ ಹತ್ತಿರ ಸಿಬಿಟಿಗೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಗೆ, ಬರುವವರಲ್ಲಿ ಅರ್ಧ ಜನ ಮನೆಯಲ್ಲಿ ಮಾಡಲು ಕೊಟ್ಟ ಹೋಂವರ್ಕ್ ಮಾಡದೆ ಬರುತ್ತಾರೆ, ಇವರಿಗೆ ಗುಣವಾಗುವ ಮನಸ್ಸೇ ಇಲ್ಲವೇನೋ ಎಂದು ಬರೆದಿದ್ದೀಯ. ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡ. ಹಾಳೆ ಖಾಲಿ ಬಂದರೆ, ಅದನ್ನು ನಾವು ಹೇಗೆ ಕೊಟ್ಟೆವು ಅನ್ನುವುದನ್ನು ಮೊದಲು ನೋಡಬೇಕು.

ವಾರದ 168 ಗಂಟೆಗಳಲ್ಲಿ ಅವರು ನಮ್ಮೆದುರು ಕೂರುವುದು 50 ನಿಮಿಷ. ಭಯ, ಬೇಸರ ಕಾಡುವುದೆಲ್ಲ ಉಳಿದ ಹೊತ್ತಿನಲ್ಲಿ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಈ ಚಿಕಿತ್ಸೆಯನ್ನು ರೂಪಿಸಿದಾಗ ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ. 2000ರಲ್ಲಿ ಸಂಶೋಧಕ ಕಜಾಂಟ್ಜಿಸ್ ಮತ್ತು ಸಂಗಡಿಗರು 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೋಂವರ್ಕ್ ಇದ್ದಲ್ಲಿ ಫಲ ಹೆಚ್ಚು ಎಂದೇ ಕಂಡಿತು.

ಅವರು ಚೀಲ ಹೆಗಲಿಗೇರಿಸಿ ಎದ್ದಾಗ "ಈ ವಾರ ನಿಮ್ಮ ಯೋಚನೆಗಳನ್ನು ಬರೆದಿಡಿ" ಎಂದರೆ ಏನೂ ಆಗುವುದಿಲ್ಲ. ಸೆಷನ್ ಮುಗಿಯಲು 10 ನಿಮಿಷ ಇರುವಾಗಲೇ ಆ ಮಾತು ತೆಗೆ. ಅವತ್ತು ಮಾತಾಡಿದ ವಿಷಯದಿಂದಲೇ ಕೆಲಸ ಬರಲಿ, ಅದರ ಮೊದಲ ತುಣುಕನ್ನು ನಿನ್ನೆದುರೇ ಮಾಡಿಸು.

ಖಿನ್ನತೆಯಲ್ಲಿ ಮಧ್ಯಾಹ್ನದವರೆಗೂ ಹಾಸಿಗೆ ಬಿಡಲಾಗದವರಿಗೆ "ದಿನಾ ವಾಕಿಂಗ್ ಹೋಗಿ" ಅನ್ನುವುದು ಕ್ರೂರ. ಮೊದಲ ವಾರ ದಿನಚರಿಯ ಪಟ್ಟಿ ಮಾತ್ರ ಸಾಕು. ಗಂಟೆಗೊಂದು ಸಾಲು, ಏನು ಮಾಡಿದೆ ಎಂದು ಎರಡು ಪದ, ಪಕ್ಕದಲ್ಲಿ ಸಂತೋಷಕ್ಕೆ 0ಯಿಂದ 10ರೊಳಗೆ ಒಂದು ಅಂಕ, ಮಾಡಿ ಮುಗಿಸಿದ ತೃಪ್ತಿಗೆ ಇನ್ನೊಂದು. "ಮಲಗಿದ್ದೆ, 0, 0" ಎಂದು ಬರೆದರೂ ಸರಿಯೇ ಎಂದು ಮೊದಲೇ ಹೇಳು. ವಾರ ಕಳೆದ ಮೇಲೆ ಹುಡುಕಿದರೆ ಬಹಳ ಸಲ ಎಲ್ಲೋ ಒಂದು 3 ಸಿಗುತ್ತದೆ: ಗಿಡಕ್ಕೆ ನೀರು ಹಾಕಿದ್ದು, ತಂಗಿಗೆ ಫೋನ್ ಮಾಡಿದ್ದು. ಮುಂದಿನ ಕೆಲಸ ಅದರಿಂದಲೇ: ಮಂಗಳವಾರ, ಶುಕ್ರವಾರ, ಬೆಳಗಿನ ಕಾಫಿ ಆದ ಮೇಲೆ 10 ನಿಮಿಷ ಗಿಡಗಳ ಹತ್ತಿರ. ದಿನ, ಹೊತ್ತು, ಜಾಗ ಮೂರೂ ಗೊತ್ತಾಗಿರಬೇಕು. "ಮನಸ್ಸು ಬಂದಾಗ" ಎಂದು ಬಿಟ್ಟರೆ ಕೆಟ್ಟಿತು. ಖಿನ್ನತೆಯಲ್ಲಿ ಕೆಲಸ ಶುರುವಾದ ಮೇಲೆಯೇ ಮನಸ್ಸು ಬರುವುದು.

ಯೋಚನೆ ಬರೆಯಿಸುವಾಗ ಏಳು ಕಾಲಂಗಳ ಹಾಳೆಯನ್ನು ಮೊದಲ ದಿನವೇ ಕೈಗೆ ಕೊಡಬೇಡ. ಏನಾಯಿತು, ಮನಸ್ಸಿಗೆ ಏನು ಹೊಳೆಯಿತು, ಯಾವ ಭಾವನೆ ನೂರಕ್ಕೆ ಎಷ್ಟು, ಇಷ್ಟು ಸಾಕು. ಬಹಳಷ್ಟು ಜನ ಯೋಚನೆಯ ಕಾಲಂನಲ್ಲಿ "ತುಂಬಾ ಟೆನ್ಷನ್ ಆಯ್ತು" ಎಂದು ಬರೆಯುತ್ತಾರೆ. ಅದು ಭಾವನೆ. "ಮ್ಯಾನೇಜರ್ ಮೆಸೇಜ್ ನೋಡಿಯೂ ಉತ್ತರ ಕೊಡಲಿಲ್ಲ" ಎಂಬುದು ನಡೆದದ್ದು. "ನನ್ನನ್ನು ಕೆಲಸದಿಂದ ತೆಗೆಯುತ್ತಾರೆ" ಎಂಬುದು ಯೋಚನೆ. ಭಯ, 80. ಇವನ್ನು ಬಿಡಿಸಿ ಬರೆಯಲು ಬಂದ ಮೇಲೆ ಪರ–ವಿರೋಧ ಪುರಾವೆಗಳ ಕಾಲಂ ಸೇರಿಸು. ರಾತ್ರಿ ನೆನಪಿನಿಂದ ತುಂಬಿಸಿದರೆ ಯೋಚನೆ ಮಸುಕಾಗಿರುತ್ತದೆ. ಆಗಿಂದಾಗಲೇ ಮೊಬೈಲಿನಲ್ಲಿ ಒಂದು ಸಾಲು ಹಾಕಿಕೊಳ್ಳಲಿ. ಬರೆಯಲು ಬಾರದವರು ಮಾತಾಡಿ ರೆಕಾರ್ಡ್ ಮಾಡಿಕೊಳ್ಳಬಹುದು.

ಹಾಳೆಯನ್ನು ಎಲ್ಲಿಡುತ್ತೀರಿ ಎಂದು ತಪ್ಪದೆ ಕೇಳು. ಕೂಡು ಕುಟುಂಬದ ಸೊಸೆ "ಅತ್ತೆ ಮೇಲೆ ಸಿಟ್ಟು, 90" ಎಂದು ಬರೆದು ದಿಂಬಿನ ಕೆಳಗಿಟ್ಟು ನೆಮ್ಮದಿಯಾಗಿರಲು ಸಾಧ್ಯವೇ? ಫೋನನ್ನೂ ಮನೆಯವರು ತೆಗೆದು ನೋಡುತ್ತಾರೆ ಎಂದಾದರೆ ದಿನ ಮತ್ತು ಅಂಕಿ ಮಾತ್ರ ಗುರುತು ಹಾಕಲಿ, ವಿವರ ನಿನ್ನೆದುರು ಹೇಳಲಿ.

ಭಯಪಡುವ ಜಾಗಕ್ಕೆ ಹೋಗಿ ನಿಲ್ಲುವ ಅಭ್ಯಾಸವಾದರೆ, ಭಯಗಳನ್ನು 0ಯಿಂದ 100ರವರೆಗೆ ಏರಿಕೆಯಲ್ಲಿ ಬರೆಸಿ 30–40ರ ಸುಮಾರಿನಿಂದ ಆರಂಭಿಸು. ಲಿಫ್ಟ್ ಹತ್ತಿದರೂ ಭಯ ಇಳಿದಿಲ್ಲ ಎಂದರೆ ಜೊತೆಗೆ ಯಾರಿದ್ದರು, ಕೈಯಲ್ಲಿ ಏನಿತ್ತು ಎಂದು ವಿಚಾರಿಸು. ಅಣ್ಣ ಪಕ್ಕದಲ್ಲಿ ನಿಂತಿದ್ದರೆ "ಅವನಿದ್ದ, ಅದಕ್ಕೇ ಬಚಾವಾದೆ" ಎಂದೇ ಮನಸ್ಸು ಕಲಿಯುತ್ತದೆ. ಜೊತೆಗಾರರನ್ನು ಹಂತಹಂತವಾಗಿ ದೂರ ಮಾಡುವುದೂ ಹೋಂವರ್ಕೇ.

ಯಾವ ಕೆಲಸ ಕೊಟ್ಟರೂ ಕೊನೆಗೊಂದು ಪ್ರಶ್ನೆ ಕೇಳು: "ಇದನ್ನು ಮಾಡುತ್ತೀರಿ ಅನ್ನುವ ನಂಬಿಕೆ ನಿಮಗೆ ಶೇಕಡಾ ಎಷ್ಟಿದೆ?" 90ಕ್ಕಿಂತ ಕಡಿಮೆ ಎಂದರೆ ಕೆಲಸವನ್ನು ಅರ್ಧಕ್ಕಿಳಿಸು. ಒಪ್ಪಿದ್ದನ್ನು ಬರೆದುಕೊಡು. ಮುಂದಿನ ಸಲ ಬಂದಾಗ ಮೊದಲು ಅದನ್ನೇ ನೋಡು. ನೀನು ಮರೆತರೆ ಅವರೂ ಬಿಡುತ್ತಾರೆ, ಅದು ನ್ಯಾಯವೇ.

ಸಾಯುವ ಮಾತು ಬಂದರೆ ಮಾತ್ರ ಇದೆಲ್ಲ ಬದಿಗಿರಲಿ. ಆ ದಿನ ಸುರಕ್ಷತೆಯ ಯೋಜನೆ, ಮನೋವೈದ್ಯರ ಭೇಟಿ, ಮತ್ತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416.

ಇನ್ನು ಮುಂದೆ ಖಾಲಿ ಹಾಳೆ ಬಂದಾಗ "ಯಾಕೆ ಮಾಡಲಿಲ್ಲ?" ಅನ್ನಬೇಡ. ಹಾಳೆ ಕಣ್ಣಿಗೆ ಬಿದ್ದ ಗಳಿಗೆ ಮನಸ್ಸಿನಲ್ಲಿ ಏನು ಬಂತು ಎಂದು ಕೇಳು. "ತಪ್ಪು ಬರೆದರೆ ನೀವು ಏನಂದುಕೊಳ್ಳುತ್ತೀರೋ ಅನಿಸಿತು" ಎಂದರೆ, ಆ ಮಾತನ್ನೇ ಯೋಚನೆಯ ಕಾಲಂನಲ್ಲಿ ಬರೆಸಿ ಅವತ್ತಿನ ಸೆಷನ್ ಶುರು ಮಾಡು.

ನಿನ್ನ ಗೆಳೆಯ